ಅಪ್ಪ ನಿಂತಿದ್ದ ನೀರು

ಫೋಟೋದ ಹಿಂದೆ ನನ್ನದೇ ಅಕ್ಷರದಲ್ಲಿ ‘ಮಾರ್ಚ್ 1999’ ಅಂತ ಇದೆ. ಅಷ್ಟೇ. ಯಾವ ಊರು ಅಂತ ಬರೆದಿಲ್ಲ. ಅಪ್ಪ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಾರೆ. ಪಂಚೆ ಎತ್ತಿ ಕಟ್ಟಿದ್ದಾರೆ. ಮೇಲೆ ಕಂದು ಸ್ವೆಟರ್, ತಲೆಗೆ ಮಂಕಿ ಕ್ಯಾಪ್. ನಮಗೆ ಬೆನ್ನು ಮಾಡಿದ್ದಾರೆ. ಎದುರಿಗೆ ನೀರಿಗೆ ತಾಗುವ ಹಾಗೆ ಕೆಂಪು ಸೂರ್ಯ.

ಅದು ಹುಟ್ಟುವ ಸೂರ್ಯನೋ ಮುಳುಗುವ ಸೂರ್ಯನೋ ಅನ್ನೋದು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದ ಜಗಳ.

‘ಅದು ಗ್ಯಾಲ್ವೆಸ್ಟನ್. ಸಂಜೆ’ ಅನ್ನುತ್ತಾರೆ ನಮ್ಮವರು. ‘ಅಲ್ಲ ರೀ, ಪ್ಯಾಡ್ರೆ ದ್ವೀಪ. ಬೆಳಗ್ಗೆ’ ಅನ್ನುತ್ತೇನೆ ನಾನು. ಎರಡೂ ಅಮೆರಿಕದ ಟೆಕ್ಸಸ್ ಕಡಲತೀರದ ಜಾಗಗಳೇ. ಅಪ್ಪ ಬೆಳಗ್ಗೆ ಸೂರ್ಯನಿಗೆ ಕೈ ಮುಗಿಯದೆ ಕಾಫಿ ಮುಟ್ಟಿದವರಲ್ಲ. ಆ ಫೋಟೋದಲ್ಲಿ ಕೈ ಕಾಣುವುದಿಲ್ಲ. ಆದರೂ ಮುಗಿದೇ ಇದ್ದಾರೆ ಅಂತ ನನಗೆ ಗೊತ್ತು.

ಅಪ್ಪ ಮೈಸೂರಿನಲ್ಲಿ ಮೇಷ್ಟರಾಗಿದ್ದವರು. ಆ ವರ್ಷ ಆರು ತಿಂಗಳು ನಮ್ಮ ಜೊತೆ ಹ್ಯೂಸ್ಟನ್‌ನಲ್ಲಿದ್ದರು. ನಾವಾಗ ಕ್ಲಿಯರ್ ಲೇಕ್‌ನಲ್ಲಿದ್ದೆವು, ಗ್ಯಾಲ್ವೆಸ್ಟನ್‌ಗೆ ಬರೀ ಮೂವತ್ತು ಮೈಲಿ. ಶುಕ್ರವಾರ ಸಂಜೆ ಇವರು ಆಫೀಸಿನಿಂದ ಬಂದರೆ ಸಾಕು, ಟೆಂಟು, ಸ್ಟವ್, ಮೂರು ವರ್ಷದ ಮಗಳು, ಅಪ್ಪ, ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಹೊರಡುವುದು. 2004ರಲ್ಲಿ ಅಪ್ಪ ಹೋದರು. 2007ರಲ್ಲಿ ಕೆಲಸದ ಮೇಲೆ ನಾವು ಶಿಕಾಗೋ ಕಡೆಗೆ ಬಂದುಬಿಟ್ಟೆವು. ಆಮೇಲೆ ಆ ಕಡಲ ಕಡೆ ತಲೆ ಹಾಕಿರಲಿಲ್ಲ.

ಕಳೆದ ವರ್ಷ ಇವರು ನಿವೃತ್ತರಾದರು. ಮಾರ್ಚ್ ಕೊನೆಯಲ್ಲಿ ಹೊರಟೆವು. ಹೋಟೆಲ್ ಬೇಡ, ಆಗ ಹೇಗೆ ಹೋಗುತ್ತಿದ್ದೆವೋ ಹಾಗೇ ಟೆಂಟಿನಲ್ಲೇ ಇರೋಣ ಅಂದಿದ್ದು ನಾನು. ನನಗೆ ಅಪ್ಪ ನಿಂತಿದ್ದ ಜಾಗ ಬೇಕಿತ್ತು.

ಟೆಕ್ಸಸ್ ಸ್ಟೇಟ್ ಪಾರ್ಕ್‌ಗಳಲ್ಲಿ ಐದು ತಿಂಗಳು ಮೊದಲೇ ಜಾಗ ಕಾದಿರಿಸಬಹುದು. ಶನಿವಾರ ಭಾನುವಾರ ಬೇಕು ಅಂದ್ರೆ ಹಾಗೇ ಮಾಡಬೇಕು, ಇಲ್ಲದಿದ್ದರೆ ಸಿಗುವುದಿಲ್ಲ. ನಮಗೀಗ ಎಲ್ಲ ದಿನವೂ ಭಾನುವಾರ. ಸೋಮವಾರದಿಂದ ಗುರುವಾರದವರೆಗಿನ ದಿನಗಳನ್ನೇ ಹಿಡಿದೆವು, ಸುಲಭವಾಗಿ ಸಿಕ್ಕಿತು. ಹಳೆಯ ಟೆಂಟು ಅಟ್ಟದಲ್ಲಿ ಅಂಟಂಟಾಗಿ ಹೋಗಿತ್ತು, ಹೊಸದು ತಂದೆವು. ನೆಲದ ಮೇಲೆ ಮಲಗಿ ಏಳುವುದು ಈಗ ಇಬ್ಬರ ಮಂಡಿಗೂ ಆಗದ ಮಾತು. ಅದಕ್ಕೆ ಮಡಚುವ ಮಂಚ ಎರಡು. ಎರಡು ಒಲೆಯ ಪ್ರೋಪೇನ್ ಸ್ಟವ್, ಕುಕ್ಕರ್, ಚಟ್ನಿಪುಡಿ, ಅವಲಕ್ಕಿ, ಹುರಿದಿಟ್ಟ ರವೆ. ಕೊನೆಯಲ್ಲಿ ಇವರು ಗ್ಯಾರೇಜಿನಿಂದ ಸೋನಾಮಸೂರಿ ಅಕ್ಕಿಯ ಖಾಲಿ ಚೀಲ ಎಂಟು ತಂದು ಡಿಕ್ಕಿಗೆ ಹಾಕಿದರು. ನಾನು ಏನೂ ಕೇಳಲಿಲ್ಲ. ಯಾಕೆ ಅಂತ ನನಗೂ ನೆನಪಿತ್ತು.

ಎರಡು ದಿನದ ಹೈವೇ ಬಗ್ಗೆ ಹೇಳುವಂಥದ್ದೇನಿಲ್ಲ. ಹ್ಯೂಸ್ಟನ್ ದಾಟುವಾಗ ಪಿಯರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗಿ ಕೈ ಮುಗಿದೆವು. ಅಪ್ಪನಿಗೆ ಇಷ್ಟವಾಗಿದ್ದ ದೇವಸ್ಥಾನ.

ಗ್ಯಾಲ್ವೆಸ್ಟನ್ ಸೇತುವೆ ಇಳಿದ ಕೂಡಲೇ ಕಿಟಕಿ ಇಳಿಸಿದೆ. ಅದೇ ವಾಸನೆ, ಉಪ್ಪು, ಕೆಸರು, ಸ್ವಲ್ಪ ಮೀನು. ಇವರು ಕುಂದಾಪುರದ ಕಡೆಯವರು, ಈ ವಾಸನೆ ಬಂದರೆ ಮಾತು ತಾನಾಗಿ ಊರಿನ ಕಡೆ ತಿರುಗುತ್ತದೆ. ‘ಎಂತ ಮಾರಾಯ್ತಿ, ಗಂಗೊಳ್ಳಿ ಬಂದರಿಗೆ ಬಂದ ಹಾಂಗೇ ಇತ್ತಲ್ಲೆ’ ಅಂದರು. ನೀರು ಮಾತ್ರ ಇಲ್ಲಿ ಯಾವಾಗಲೂ ಚಹಾ ಬಣ್ಣ. ನದಿಗಳು ತಂದು ಸುರಿಯುವ ಮಣ್ಣು ದಡದ ಉದ್ದಕ್ಕೂ ತೇಲುತ್ತಿರುತ್ತದೆ. ದಕ್ಷಿಣಕ್ಕೆ ಹೋದ ಹಾಗೆ ತಿಳಿಯಾಗಿ ಹಸಿರಾಗುತ್ತದೆ.

ಈ ಊರಿನ ಕಥೆಯನ್ನು ಅಪ್ಪ ಲೈಬ್ರರಿಯಿಂದ ಪುಸ್ತಕ ತಂದು ಓದಿ ನಮಗೆ ಹೇಳಿದ್ದರು. 1900ರ ಸೆಪ್ಟೆಂಬರ್ 8ರ ಚಂಡಮಾರುತದಲ್ಲಿ ಇಲ್ಲಿ ಸುಮಾರು 8,000 ಜನ ಸತ್ತರು ಅಂತ ಅಂದಾಜು. ಉಳಿದವರು ಊರು ಬಿಡಲಿಲ್ಲ. ಕಡಲಿಗೆ ಎದುರಾಗಿ 17 ಅಡಿಯ ಗೋಡೆ ಕಟ್ಟಿದರು. ಅಷ್ಟಕ್ಕೇ ನಿಲ್ಲಿಸದೆ ಮನೆಗಳನ್ನೆಲ್ಲ ಜ್ಯಾಕ್ ಕೊಟ್ಟು ಎತ್ತಿದರು. ಕೆಳಗೆ ಮರಳು ತುಂಬಿಸಿ ಊರನ್ನೇ ಎತ್ತರ ಮಾಡಿದರು. ಅಪ್ಪ ಆ ಗೋಡೆಯ ಮೇಲೆ ಕೂತು, ಅದನ್ನು ಕೈಯಲ್ಲಿ ತಟ್ಟುತ್ತಾ, ‘ಎಂಥ ಹಠ ನೋಡು’ ಅಂದಿದ್ದರು. ಈ ಸಲ ನಾನೂ ಹಾಗೇ ಕೂತು ತಟ್ಟಿದೆ.

ನಾವಿಲ್ಲಿಂದ ಹೋದ ಮರುವರ್ಷವೇ, 2008ರ ಸೆಪ್ಟೆಂಬರ್‌ನಲ್ಲಿ, ಐಕ್ ಚಂಡಮಾರುತ ನೇರ ಇಲ್ಲಿಗೇ ಬಂತು. ಶಿಕಾಗೋದಲ್ಲಿ ಕೂತು ಟಿವಿಯಲ್ಲಿ ನೋಡಿದ್ದೆವು. ಉಪ್ಪುನೀರು ನಿಂತು ಊರಿನ ದೊಡ್ಡ ದೊಡ್ಡ ಓಕ್ ಮರಗಳು ಸತ್ತವು. ಸತ್ತ ಬೊಡ್ಡೆಗಳನ್ನು ಜನ ಕಡಿದು ಹಾಕಲಿಲ್ಲ, ಶಿಲ್ಪ ಕೆತ್ತಿಸಿದರು. ಒಂದು ಮನೆಯ ಮುಂದೆ ನಾಯಿ, ಇನ್ನೊಂದರ ಮುಂದೆ ಕೊಕ್ಕರೆಗಳು. ಬೀದಿ ಬೀದಿ ಸುತ್ತಿ ನೋಡಿದೆವು.

ಆದರೆ ಸ್ಟೇಟ್ ಪಾರ್ಕ್‌ನಲ್ಲಿ ನಮಗೆ ದಿಕ್ಕೇ ತಿಳಿಯಲಿಲ್ಲ. ಕಡಲ ಕಡೆಯ ಕ್ಯಾಂಪ್‌ಗ್ರೌಂಡ್ ಹೊಸದಾಗಿ ಕಟ್ಟಿದ್ದಾರೆ. ರಸ್ತೆ ಬೇರೆ, ಶೌಚಾಲಯ ಬೇರೆ ಕಡೆ, ಸೈಟುಗಳು ಹಿಂದಕ್ಕೆ ಸರಿದಿವೆ. ‘ನಮ್ಮ ಜಾಗ ಇಲ್ಲೇ ಇತ್ತು’ ಅಂತ ಇವರು ಅಳೆದು ಅಳೆದು ನಡೆದರು. ಕೊನೆಗೆ ನಿಂತದ್ದು ಒದ್ದೆ ಮರಳಿನ ಮೇಲೆ. ಅಲೆ ಬಂದು ಚಪ್ಪಲಿ ನೆನೆಸಿತು. ಆ ದಡದಲ್ಲಿ ಫೋಟೋ ಹಿಡಿದು ನೋಡಿದೆವು. ಏನೂ ಹೊಂದಲಿಲ್ಲ. ನನಗೆ ಒಳಗೊಳಗೇ ಸಮಾಧಾನ. ಪ್ಯಾಡ್ರೆಯೇ ಅಂತ ನಾನು ಹೇಳಲಿಲ್ಲವಾ?

ಮರುದಿನ ಬೊಲಿವರ್ ಫೆರಿ ಹತ್ತಿದೆವು. ಕಾರಿಗೂ ದುಡ್ಡಿಲ್ಲ, ಜನಕ್ಕೂ ದುಡ್ಡಿಲ್ಲ, ಹಗಲು ರಾತ್ರಿ ಓಡುತ್ತದೆ. ಇಪ್ಪತ್ತು ನಿಮಿಷದ ದಾರಿಯಲ್ಲಿ ಡಾಲ್ಫಿನ್‌ಗಳು ಬೆನ್ನು ತೋರಿಸಿ ಹೋದವು. ಕಂದು ಪೆಲಿಕನ್‌ಗಳು ಸಾಲಾಗಿ, ನೀರಿಗೆ ರೆಕ್ಕೆ ತಾಗುತ್ತದೇನೋ ಅನ್ನುವಷ್ಟು ಕೆಳಗೆ ಹಾರಿದವು. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ಒಂದು ಕಾಲದಲ್ಲಿ ಟೆಕ್ಸಸ್‌ನಲ್ಲಿ ಇವು ಇಲ್ಲವೇ ಇಲ್ಲ ಅನ್ನುವ ಹಾಗಾಗಿತ್ತಂತೆ. 1972ರಲ್ಲಿ ಅಮೆರಿಕದಲ್ಲಿ ಡಿಡಿಟಿ ನಿಷೇಧವಾಯಿತು, ಹಕ್ಕಿಗಳು ಮೆಲ್ಲಗೆ ವಾಪಸ್ ಬಂದವು. ಈಗ ಎಣಿಸಲು ಆಗುವುದಿಲ್ಲ. ಆಚೆ ದಡದ ಮನೆಗಳೆಲ್ಲ ಎತ್ತರದ ಕಂಬಗಳ ಮೇಲೆ ನಿಂತಿವೆ. ಹಳೆಯ ಮನೆಗಳನ್ನು ಐಕ್ ಗುಡಿಸಿಕೊಂಡು ಹೋಗಿತ್ತು. ನಾವು ಐಸ್‌ಕ್ರೀಂ ತಿನ್ನುತ್ತಿದ್ದ ಪುಟ್ಟ ಅಂಗಡಿ ಎಲ್ಲಿತ್ತು ಅಂತ ಕೂಡ ಗುರುತು ಸಿಗಲಿಲ್ಲ.

ಗ್ಯಾಲ್ವೆಸ್ಟನ್‌ನಿಂದ ದಕ್ಷಿಣಕ್ಕೆ ಹೋಗಲು ಸ್ಯಾನ್ ಲೂಯಿಸ್ ಪಾಸ್ ಸೇತುವೆ ದಾಟಿದೆವು. ಅಲ್ಲಿಂದ ಒಂದು ರಸ್ತೆ ಇದೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು. ಆಗಲೂ ಅಲ್ಲಿ ಬಂದಾಗ ಇವರು ಕಾರು ನಿಧಾನ ಮಾಡುತ್ತಿದ್ದರು. ಮರವಂತೆ ಅಂತ. ಈಗಲೂ ಮಾಡಿದರು. ಪಲಾಶಿಯಸ್ ಅಂತ ಸಣ್ಣ ಬಂದರು ಊರು, ಟೆಕ್ಸಸ್‌ನ ಸಿಗಡಿ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಅಲ್ಲಿ ಎರಡು ಪೌಂಡ್ ಸಿಗಡಿ ಕೊಂಡರು. ಇವರ ಬಾಯಲ್ಲಿ ಅದು ಚಟ್ಲಿ. ನಾನು ತಿನ್ನುವುದಿಲ್ಲ, ಆದರೆ ಅತ್ತೆ ಕಲಿಸಿದ ಮಸಾಲೆ ಪುಡಿ ಮಾಡಿ ತಂದಿದ್ದೆ. ಆ ರಾತ್ರಿ ಗೂಸ್ ಐಲ್ಯಾಂಡ್ ಪಾರ್ಕ್‌ನ ಓಕ್ ಮರಗಳ ಕೆಳಗೆ ಚಟ್ಲಿ ಸುಕ್ಕದ ಘಮ. ಪಕ್ಕದ ಸೈಟಿನ ಅಜ್ಜ ಅಜ್ಜಿ ತಟ್ಟೆ ಹಿಡಿದುಕೊಂಡೇ ಬಂದರು.

ಈ ಕಡೆಯ ಲೈವ್ ಓಕ್ ಮರಗಳನ್ನು ನೋಡಿಯೇ ತಿಳಿಯಬೇಕು. ಎಲ್ಲವೂ ಕಡಲಿಗೆ ಬೆನ್ನು ಮಾಡಿ ಒಳನಾಡಿನ ಕಡೆ ಬಾಗಿವೆ. ಉಪ್ಪುಗಾಳಿ ಕಡಲ ಕಡೆಯ ಚಿಗುರನ್ನು ಸುಡುತ್ತದೆ, ಇನ್ನೊಂದು ಕಡೆ ಮಾತ್ರ ಬೆಳೆಯುತ್ತದೆ. ಅವುಗಳಲ್ಲಿ ಹಿರಿಯಜ್ಜಿ ಲಮಾರ್ ಊರಿನ ಬಿಗ್ ಟ್ರೀ. ಸಾವಿರ ವರ್ಷ ದಾಟಿದೆ ಅಂತ ಅಂದಾಜು, ಬುಡದ ಸುತ್ತಳತೆ 35 ಅಡಿ. 2017ರ ಆಗಸ್ಟ್ 25ರಂದು ಹಾರ್ವೆ ಚಂಡಮಾರುತ ಇಲ್ಲೇ ರಾಕ್‌ಪೋರ್ಟ್ ಹತ್ತಿರ ನೆಲ ಮುಟ್ಟಿತು, ಗಾಳಿ ಗಂಟೆಗೆ 130 ಮೈಲಿ. ಇದು ನಿಂತೇ ಇತ್ತು. ಈ ಪ್ರವಾಸದಲ್ಲಿ ನಾವು ಬಿಟ್ಟುಹೋದ ಹಾಗೇ ಸಿಕ್ಕ ಮೊದಲ ಜೀವ ಇದೇ. ಅಪ್ಪ ಇದಕ್ಕೆ ಪ್ರದಕ್ಷಿಣೆ ಹಾಕಿದ್ದರು, ಬೇಲಿಯ ಹೊರಗಿನಿಂದ. ನಾವೂ ಹಾಕಿದೆವು. ಕೆಳಕ್ಕೆ ಇಳಿದು, ನೆಲದ ಹತ್ತಿರ ಬಂದು, ಮತ್ತೆ ಮೇಲೆ ಹೋದ ಒಂದು ಕೊಂಬೆ ಇದೆ. ತೊಗಟೆಯ ಬಿರುಕಿನಲ್ಲಿ ಜರಿಗಿಡ ಬೆಳೆದಿದೆ. ಮಳೆ ಬಿದ್ದಿತ್ತೇನೋ, ಹಚ್ಚಗಿತ್ತು.

ಅಲ್ಲಿಂದ ಹೊರಡುವಾಗ ಒಂದು ‘ಕ್ರೋಂ’ ಅನ್ನುವ ಕೂಗು. ಹತ್ತಿರದ ಹೊಲದಲ್ಲಿ ಎರಡು ವೂಪಿಂಗ್ ಕ್ರೇನ್ ಹಕ್ಕಿ. ಇವರ ಭುಜದ ಎತ್ತರ, ಬೆಳ್ಳಗೆ, ನೆತ್ತಿಯ ಮೇಲೆ ಕುಂಕುಮ ಬಳಿದ ಹಾಗೆ ಕೆಂಪು. 1941ರಲ್ಲಿ ಈ ಕಡಲತೀರಕ್ಕೆ ಬರುತ್ತಿದ್ದದ್ದು ಬರೀ 15–16 ಹಕ್ಕಿ. ಪಕ್ಕದಲ್ಲೇ ಅರಾನ್ಸಸ್ ವನ್ಯಧಾಮ ಇದೆ, 1937ರಲ್ಲಿ ಆದದ್ದು. ಅವುಗಳನ್ನು ಕಾಪಾಡಿ ಕಾಪಾಡಿ ಈಗ ಐನೂರು ದಾಟಿಸಿದ್ದಾರೆ. ಬೇಸಿಗೆಗೆ ಕೆನಡಾ, ಚಳಿಗಾಲಕ್ಕೆ ಇಲ್ಲಿ, ಒಂದು ದಾರಿಗೆ ಎರಡೂವರೆ ಸಾವಿರ ಮೈಲಿ. ಒಂದು ಜೋಡಿ ಪ್ರತಿ ವರ್ಷ ತನ್ನದೇ ತುಂಡು ಜೌಗಿಗೆ ವಾಪಸ್ ಬರುತ್ತದಂತೆ. ಏಪ್ರಿಲ್‌ನಲ್ಲಿ ಹೊರಟುಬಿಡುತ್ತವೆ. ಇನ್ನು ಹತ್ತು ದಿನ ತಡವಾಗಿದ್ದರೆ ನಮಗೆ ಸಿಗುತ್ತಿತ್ತೋ ಇಲ್ಲವೋ. ಇವರು ದುರ್ಬೀನು ಕೊಡಲು ಬಂದರು, ನನಗೆ ಬೇಕಾಗಲಿಲ್ಲ. ಅಷ್ಟು ಹತ್ತಿರ.

ಇನ್ನು ಪ್ಯಾಡ್ರೆ. ನಾನು ಕಾದಿದ್ದೇ ಇದಕ್ಕೆ.

ಪ್ಯಾಡ್ರೆ ಐಲ್ಯಾಂಡ್ ನ್ಯಾಷನಲ್ ಸೀಶೋರ್ 1962ರಲ್ಲಿ ಆಯಿತು. ಮನೆ, ಹೋಟೆಲು ಕಟ್ಟದೆ ಹಾಗೇ ಬಿಟ್ಟ ಮರಳುದ್ವೀಪಗಳಲ್ಲಿ ಪ್ರಪಂಚದಲ್ಲೇ ಇದಕ್ಕಿಂತ ಉದ್ದದ್ದಿಲ್ಲ. ಡಾಂಬರು ಒಂದು ಕಡೆ ಸುಮ್ನೆ ಮುಗಿದುಹೋಗುತ್ತದೆ. ಮುಂದಕ್ಕೆ ದಡವೇ ರಸ್ತೆ, ಸುಮಾರು ಅರವತ್ತು ಮೈಲಿ. ಮೊದಲ ಐದು ಮೈಲಿ ಸಾಮಾನ್ಯ ಕಾರು ಹೋಗುತ್ತದೆ, ಆಮೇಲೆ ಫೋರ್ ವೀಲ್ ಡ್ರೈವ್ ಇಲ್ಲದೆ ಹೋಗಬಾರದು. ನಮ್ಮ ಮಿನಿವ್ಯಾನ್ ಮೂರನೇ ಮೈಲಿಯಲ್ಲೇ ಕೂತಿತು. ತಿರುಗಿಸಲು ಹೋಗಿ ಒಣಮರಳಿಗೆ ಇಳಿಸಿದ್ದೇ ತಪ್ಪು. ಒದ್ದೆಮರಳು ಗಟ್ಟಿ, ಒಣಮರಳು ಹಿಟ್ಟು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಹೂತಿತು. ಇವರು ಇಳಿದು ನಾಲ್ಕೂ ಟೈರಿನ ಗಾಳಿ ಇಪ್ಪತ್ತಕ್ಕೆ ಇಳಿಸಿದರು. ನಾನು ಚಕ್ರದ ಮುಂದೆ ಕೈಯಲ್ಲೇ ಮರಳು ಬಗೆದು, ಕಾರಿನ ಕಾಲೊರಸು ತೆಗೆದು ಹಾಸಿದೆ. ಎರಡು ಸಲ ಆಗಲಿಲ್ಲ. ಮೂರನೇ ಸಲಕ್ಕೆ ಮೀನು ಹಿಡಿಯಲು ಬಂದಿದ್ದ ಒಬ್ಬರು ಟ್ರಕ್ ನಿಲ್ಲಿಸಿ, ಏನೂ ಕೇಳದೆ ಪಟ್ಟಿ ಕಟ್ಟಿ ಎಳೆದುಬಿಟ್ಟರು. ಕೊಟ್ಟ ಚಕ್ಕುಲಿ ಡಬ್ಬವನ್ನು ಮಾತ್ರ ಸಂತೋಷವಾಗಿ ತಗೊಂಡರು.

ಕತ್ತಲಾಗುವ ಹೊತ್ತಿಗೆ ಮಲಕೀಟ್ ಕ್ಯಾಂಪ್‌ಗ್ರೌಂಡ್‌ಗೆ ವಾಪಸ್ ಬಂದು ಟೆಂಟು ಹಾಕಿದೆವು. ಇಲ್ಲಿ ಕರೆಂಟಿಲ್ಲ, ಸ್ನಾನಕ್ಕೆ ತಣ್ಣೀರೇ. ಗಾಳಿಯೋ ಗಾಳಿ. ಟೆಂಟಿನ ಜೊತೆ ಬರುವ ಕಬ್ಬಿಣದ ಗೂಟಗಳು ಮರಳಲ್ಲಿ ನಿಲ್ಲುವುದೇ ಇಲ್ಲ, ಬೆಣ್ಣೆಯಿಂದ ಚಾಕು ಎಳೆದ ಹಾಗೆ ಕಿತ್ತು ಬರುತ್ತವೆ. ಆಗ ಹೊರಬಂದವು ಅಕ್ಕಿಚೀಲಗಳು. ಚೀಲಕ್ಕೆ ಅರ್ಧ ಒದ್ದೆಮರಳು ತುಂಬಬೇಕು. ಬಾಯಿ ಬಿಗಿದು ಅದಕ್ಕೇ ಟೆಂಟಿನ ಹಗ್ಗ ಕಟ್ಟಬೇಕು. ಮೊಣಕೈ ಉದ್ದದ ಗುಂಡಿ ತೋಡಿ ಹೂತು, ಮೇಲೆ ಮರಳು ಹಾಕಿ ತುಳಿಯಬೇಕು. ಎಂಟು ಹಗ್ಗಕ್ಕೆ ಎಂಟು ಚೀಲ. 1998ರಲ್ಲಿ ನಮ್ಮ ಟೆಂಟು ಇದೇ ದಡದಲ್ಲಿ ಗಾಳಿಪಟದ ಹಾಗೆ ಹಾರಿಹೋದಾಗ ಒಬ್ಬ ಮುದುಕ ಬಂದು ಕಲಿಸಿಕೊಟ್ಟಿದ್ದ. ಅವನಲ್ಲಿದ್ದದ್ದು ಗೋಣಿಚೀಲ. ಮುಂದಿನ ಸಲದಿಂದ ನಮ್ಮದು ಅಕ್ಕಿಚೀಲ. ಅಪ್ಪ ತುಳಿಯುವ ಕೆಲಸ ವಹಿಸಿಕೊಳ್ಳುತ್ತಿದ್ದರು, ಮೊಮ್ಮಗಳ ಕೈ ಹಿಡಿದು, ಲೆಕ್ಕ ಹೇಳಿಸುತ್ತಾ, ಒಂದು, ಎರಡು, ಮೂರು. ಈ ಸಲ ಇವರು ಹೂತರು, ನಾನು ತುಳಿದೆ. ರಾತ್ರಿ ಇಡೀ ಬಟ್ಟೆ ಪಟಪಟ ಬಡಿಯಿತು. ಒಂದು ಹಗ್ಗವೂ ಸಡಿಲಲಿಲ್ಲ.

ಬೆಳಗ್ಗೆ ಕತ್ತಲಲ್ಲೇ ಎದ್ದೆ. ಕಾರನ್ನೇ ಗಾಳಿಗೆ ಅಡ್ಡ ನಿಲ್ಲಿಸಿ ಅದರ ಮರೆಯಲ್ಲಿ ಸ್ಟವ್ ಹಚ್ಚಿ ಕಾಫಿ ಇಟ್ಟೆ. ದೂರದಲ್ಲಿ ಪಾರ್ಕಿನವರ ಸಣ್ಣ ಗಾಡಿಯೊಂದು ದಡದುದ್ದಕ್ಕೂ ಹೋಯಿತು. ಕೆಂಪ್ಸ್ ರಿಡ್ಲಿ ಆಮೆಗಳು ಮೊಟ್ಟೆ ಇಡುವ ಕಾಲ ಏಪ್ರಿಲ್‌ಗೆ ಶುರು. 1978ರಿಂದ ಹತ್ತು ವರ್ಷ ಮೆಕ್ಸಿಕೋದಿಂದ ಮೊಟ್ಟೆ ತಂದು, ಮರಿಗಳು ಇಲ್ಲಿಯ ಮರಳನ್ನೇ ಊರು ಅಂತ ತಿಳಿಯಲಿ ಅಂತ ಮಾಡಿದ ಪ್ರಯತ್ನದ ಫಲ ಅದು. ನಾವು ಒಂದು ಜೂನ್‌ನಲ್ಲಿ ಮರಿ ಬಿಡುವುದನ್ನು ನೋಡಿದ್ದೆವು, ಅಂಗೈಗಿಂತ ಚಿಕ್ಕವು.

ಏಳೂಕಾಲರ ಹೊತ್ತಿಗೆ ಸೂರ್ಯ ಕಡಲಿನಿಂದ ಎದ್ದ. ಪಶ್ಚಿಮದ ಕಡಲು ನೋಡಿ ಬೆಳೆದ ಇವರಿಗೆ ಇದು ಯಾವತ್ತೂ ಬೆರಗು. ಅವರ ಊರಿನಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಏಳುವುದಿಲ್ಲ. ನಾನು ಫೋಟೋ ತೆಗೆದು ಕೈ ಚಾಚಿ ಹಿಡಿದೆ. ಸೂರ್ಯ ಸರಿಹೋಯಿತು. ನೀರು ಸರಿಹೋಗಲಿಲ್ಲ.

ಎದುರಿಗೆ ಮೂರು ಸಾಲು ಅಲೆ ಮುರಿದು ಬೀಳುತ್ತಿತ್ತು. ಗಾಳಿ ಬೀಳಲಿ ಅಂತ ಮರುದಿನ ನೋಡಿದೆ, ಅದರ ಮರುದಿನವೂ ನೋಡಿದೆ. ಅಲೆ ಸಣ್ಣದಾಯಿತೇ ಹೊರತು ನಿಲ್ಲಲಿಲ್ಲ. ಫೋಟೋದಲ್ಲಿ ಅಪ್ಪನ ಮೊಣಕಾಲ ಸುತ್ತ ನೀರು ಕನ್ನಡಿ. ಇವರು ಮಾತಾಡದೆ ಕನ್ನಡಕ ಹಾಕಿಕೊಂಡು ಫೋಟೋದ ಕೆಳಗಿನ ಅಂಚಿಗೆ ಉಗುರು ಇಟ್ಟು ತೋರಿಸಿದರು. ಮಸುಕಾದ ಹಸಿರು ಗೀರುಗಳು. ಇಷ್ಟು ವರ್ಷ ಫೋಟೋ ಹಾಳಾಗಿದೆ ಅಂದುಕೊಂಡಿದ್ದೆ. ಅದು ಹುಲ್ಲು. ಉಪ್ಪುನೀರಿನಲ್ಲಿ ಬೆಳೆಯುವ ಜೌಗು ಹುಲ್ಲು. ಈ ದಡದಲ್ಲಿ ಅಂಥದ್ದು ಒಂದು ಕಡ್ಡಿಯೂ ಇಲ್ಲ. ಹಿನ್ನೀರಿನ ಅಂಚಿನಲ್ಲಿ ಇರುತ್ತದೆ.

ಮಗಳಿಗೆ ಫೋನಿನಲ್ಲಿ ಕಳಿಸಿದೆವು. ಅವಳಿಗೆ ಆಗ ಮೂರು ವರ್ಷ, ಏನು ನೆನಪಿರುತ್ತದೆ? ಆದರೂ ಹೇಳಿದಳು, ‘ಅಮ್ಮಾ, ತಾತ ಒಂದು ಸಲ ನನ್ನ ಬಾತ್‌ರೂಮ್ ಚಪ್ಪಲಿ ಕೆಸರಲ್ಲಿ ಹುಡುಕ್ತಿದ್ರು. ಸಿಗಲೇ ಇಲ್ಲ. ಅದೇ ಇರ್ಬೇಕು.’ ಕೆಸರು. ಮರಳಲ್ಲ.

ಗ್ಯಾಲ್ವೆಸ್ಟನ್ ಪಾರ್ಕ್‌ಗೆ ಎರಡು ಮೈ ಇದೆ. ಹೈವೇ ಈಚೆ ಕಡಲು, ಆಚೆ ವಾಯವ್ಯಕ್ಕೆ ಮುಖ ಮಾಡಿದ ಹಿನ್ನೀರು. ನಾವು ಈ ಸಲ ಕಡಲ ಕಡೆ ಇದ್ದು ಬಂದಿದ್ದೆವು, ಆ ಕಡೆ ಕಾಲೇ ಇಟ್ಟಿರಲಿಲ್ಲ. ಹಾಗಾದರೆ ಸಂಜೆ. ಹಾಗಾದರೆ ಅಪ್ಪ ಕೈ ಮುಗಿದಿರಲಿಲ್ಲ. ಮೊಮ್ಮಗಳ ಚಪ್ಪಲಿ ಹುಡುಕಿ ಸೋತು, ಸೊಂಟ ನೆಟ್ಟಗೆ ಮಾಡಿ, ಹಾಗೇ ಸ್ವಲ್ಪ ಹೊತ್ತು ಸೂರ್ಯನನ್ನು ನೋಡಿದ್ದರು. ನನಗೆ ಅಳು ಬಂತು. ಇವರು ಗೆದ್ದೆ ಅಂತ ಅನ್ನಲಿಲ್ಲ. ಕಾಫಿ ಲೋಟ ತಂದು ಕೈಗೆ ಕೊಟ್ಟು, ‘ಇಲ್ಲಿಂದ ಐದು ಗಂಟೆ ದಾರಿ, ಮನೆಗೆ ಹೋಗ್ವಾಗ ದಾರಿ ಮೇಲೇ ಸಿಕ್ಕುತ್ತಲ್ಲೆ’ ಅಂದರು.

ಚೀಲಗಳನ್ನು ಅಗೆದು ತೆಗೆದು ಮರಳು ಸುರಿದೆವು. ಕೊಡವಿ, ಮಡಚಿ, ಮತ್ತೆ ಎಂಟನ್ನೂ ಎಣಿಸಿ ಇಟ್ಟೆವು. ಟೈರಿಗೆ ಗಾಳಿ ತುಂಬಿಸಬೇಕಿತ್ತು, ಊರಿನ ಮೊದಲ ಪೆಟ್ರೋಲ್ ಬಂಕಿನವರೆಗೆ ಮೆಲ್ಲಗೆ ಹೋದೆವು. ಇವರು ಗಾಳಿ ಹಿಡಿಯುತ್ತಿದ್ದಾಗ ನಾನು ಫೋನಿನಲ್ಲಿ ಹಿನ್ನೀರ ಕಡೆಯ ಸೈಟುಗಳ ಪಟ್ಟಿ ತೆರೆದೆ. ಬುಧವಾರ. ಎರಡು ಖಾಲಿ ಇತ್ತು. ನೀರಿಗೆ ಹತ್ತಿರದ್ದನ್ನು ಒತ್ತಿದೆ.